ಮೂಲೆಗೊಂದು ತುತ್ತು

ಆ ಬ್ಯಾಗನ್ನು ಮೊದಲ ಸಲ ನೋಡಿದಾಗ ಅದು ಕುರ್ಚಿಯ ಮೇಲೆ ಕುಳಿತಿತ್ತು, ನಾನು ತಟ್ಟೆ ಹಿಡಿದು ನಿಂತಿದ್ದೆ.

2020ರ ಜನವರಿ. ಭುವನ್ ಆಫೀಸಿನವರ ಹೊಸ ವರ್ಷದ ಊಟ, ಬಾಂಗ್ಸಾರ್‌ನ ಒಂದು ಹೋಟೆಲಿನ ಮಹಡಿಯಲ್ಲಿ. ಮದುವೆಯಾಗಿ ಗದಗದಿಂದ ಮಲೇಷ್ಯಾಕ್ಕೆ ಬಂದು ನನಗೆ ಐದು ತಿಂಗಳಾಗಿತ್ತಷ್ಟೆ. ಮೇಜಿನ ಸುತ್ತ ಎಂಟು ಕುರ್ಚಿ. ಏಳರಲ್ಲಿ ಜನ, ಎಂಟನೆಯದರಲ್ಲಿ ಜೋಸ್ಲಿನ್ ಅಕ್ಕನ ಬ್ಯಾಗು. ಜೋಸ್ಲಿನ್ ಅಕ್ಕ ಎಂದರೆ ಭುವನ್‌ನ ಮ್ಯಾನೇಜರ್ ಆಡ್ರಿಯನ್ ಅವರ ಹೆಂಡತಿ. ಮಂಗಳೂರಿನವರು. ಹದಿನೆಂಟು ವರ್ಷದಿಂದ ಇಲ್ಲಿದ್ದು ಇಲ್ಲಿಯವರೇ ಆಗಿಬಿಟ್ಟವರು.

"ಕೂತ್ಕೊ ಮಾರಾಯ್ತಿ, ಯಾಕೆ ನಿಂತದ್ದು?" ಎಂದರು ನನ್ನನ್ನು ನೋಡಿ. ಕೈ ಮಾತ್ರ ಬ್ಯಾಗಿನ ಕಡೆ ಹೋಗಲಿಲ್ಲ. ಕೊನೆಗೆ ವೇಟರ್ ಇನ್ನೊಂದು ಕುರ್ಚಿ ಎಳೆದು ತಂದ.

ನನಗೆ ಸಿಟ್ಟು ಬಂದಿತೆಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಆ ಬ್ಯಾಗನ್ನು ನೋಡುವುದರಲ್ಲಿ ಮುಳುಗಿಹೋಗಿದ್ದೆ. ಕಪ್ಪು ಚರ್ಮ. ಮೈತುಂಬ ಓರೆ ಗೆರೆಗಳ ಹೊಲಿಗೆ, ಗೆರೆಗೆ ಗೆರೆ ಅಡ್ಡ ಹಾಯ್ದು ನಡುವೆ ಶಂಕರಪೋಳಿಯಂತೆ ಉಬ್ಬಿದ ಚೌಕಗಳು. ಬಂಗಾರದ ಬಣ್ಣದ ಸರಪಳಿ, ಅದರ ಕೊಂಡಿಗಳ ನಡುವೆ ಪೋಣಿಸಿದ ಚರ್ಮದ ಪಟ್ಟಿ. ಪ್ಯಾರಿಸಿನ ದೊಡ್ಡ ಹೆಸರಿನ ಕಂಪನಿಯದಂತೆ. ಎಲ್ಲರೂ ಅದರ ಬೆಲೆಯ ಬಗ್ಗೆ ಮಾತಾಡುತ್ತಿದ್ದರೆ ನನಗೆ ಹೊಳೆದದ್ದು ಒಂದೇ: ಅಯ್ಯ, ಇದು ಕೌದಿ!

ನಮ್ಮ ಕಡೆ ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರ ಹಾಸಿ, ಮೈತುಂಬ ಸಣ್ಣ ಹೊಲಿಗೆ ಓಡಿಸಿ ಹೊದಿಕೆ ಮಾಡುತ್ತಾರೆ, ಅದು ಕೌದಿ. ನನ್ನ ಅಜ್ಜಿ ಹೊನ್ನಮ್ಮ, ನಾವು ಆಯಿ ಅನ್ನುತ್ತಿದ್ದೆವು, ಇಡೀ ಓಣಿಗೆ ಕೌದಿ ಹೊಲಿದುಕೊಟ್ಟವಳು. ಅವಳ ಸೂಜಿಯೂ ನಾಲಿಗೆಯೂ ಒಟ್ಟಿಗೇ ಓಡುತ್ತಿದ್ದವು. ಒಂದು ಸಾಲು ಹೊಲಿಗೆ, ಒಂದು ಸಾಲು ಕಥೆ. ಏಳು ಸಮುದ್ರದಾಚೆಯ ರಾಜಕುಮಾರಿ ನಮ್ಮ ಮನೆಯ ಹಿತ್ತಲ ಬಾಗಿಲಿಗೇ ಬಂದು ಉಪ್ಪು ಕೇಳಿ ಹೋಗುತ್ತಿದ್ದಳು, ಅಂಥ ಕಥೆಗಳು. ಅವನ್ನು ಕೇಳುತ್ತ ಬೆಳೆದದ್ದಕ್ಕೋ ಏನೋ, ಎಲ್ಲಿ ಕೂರಿಸಿದರೂ ನಾನು ಅರ್ಧ ಅಲ್ಲಿರುತ್ತೇನೆ, ಅರ್ಧ ಬೇರೆಲ್ಲೋ. "ಇಂಚರ, ಲ್ಯಾಂಡ್ ಆಗು" ಎಂದು ಭುವನ್ ಕಿಚಾಯಿಸುತ್ತಿದ್ದ.

ಲ್ಯಾಂಡ್ ಆಗಿದ್ದೆ, ಆದರೆ ನೆಲ ನನ್ನದಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಮೂರು ವರ್ಷ ವಸ್ತ್ರವಿನ್ಯಾಸ ಓದಿದ್ದೆ. ಇಲ್ಲಿ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಚೀಟಿಯ ಮೇಲೆ 'ಡಿಪೆಂಡೆಂಟ್' ಎಂದಿತ್ತು. ಗಂಡನ ಪಾಸಿಗೆ, ಎಂದರೆ ಇಲ್ಲಿರಲು ಅವನಿಗೆ ಕೊಟ್ಟ ಪರವಾನಗಿಗೆ, ಜೋಡಿಸಿದವಳು. ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಯಾವುದಾದರೂ ಕಂಪನಿ ಕೆಲಸ ಕೊಟ್ಟು, ನನ್ನದೇ ಹೆಸರಿನಲ್ಲಿ ಪಾಸು ಮಾಡಿಸಿಕೊಟ್ಟರೆ ಮಾತ್ರ ಆ ಚೀಟಿ ಬದಲಾಗುತ್ತದೆ. ಬ್ಯಾಂಕಿನಲ್ಲಿ, ಮೊಬೈಲ್ ಅಂಗಡಿಯಲ್ಲಿ, ಲೈಬ್ರರಿಯಲ್ಲಿ ಕೂಡ ಕೇಳುತ್ತಿದ್ದರು: "ಗಂಡನ ಪಾಸ್ ಎಲ್ಲಿ?" ಆ ಪ್ರಶ್ನೆ ಒಂದು ಸಲವಾದರೂ ತಿರುಗಿ ಭುವನ್‌ಗೆ ಬೀಳಬೇಕು ಎಂದು ನಾನು ತಮಾಷೆ ಮಾಡುತ್ತಿದ್ದೆ. ಅದು ತಮಾಷೆಯಾಗಿರಲಿಲ್ಲ.

ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತು. ಪೆಟಾಲಿಂಗ್ ಜಯಾದ ಹದಿನಾಲ್ಕನೆಯ ಮಹಡಿಯ ನಮ್ಮ ಮನೆಯಲ್ಲಿ ಊಟದ ಮೇಜು ಭುವನ್‌ನ ಆಫೀಸಾಯಿತು. ಸಾಮಾನು ತರಲು ಮನೆಗೊಬ್ಬರೇ ಹೊರಗೆ ಹೋಗಬಹುದು ಎಂಬ ನಿಯಮ. ಹೋಗುವವನು ಅವನೇ. ಕಾರು ಅವನಿಗೆ ಬರುತ್ತದೆ, ನನಗೆ ಬರುವುದಿಲ್ಲ. ನಾನು ಬಾಲ್ಕನಿಯಲ್ಲಿ ನಿಂತು ಖಾಲಿ ಹೆದ್ದಾರಿ ನೋಡುತ್ತಿದ್ದೆ. ಯಾರೂ ಎಲ್ಲಿಗೂ ಹೋಗದ ಆ ದಿನಗಳಲ್ಲಿ, ಬ್ಯಾಗಿನ ಕೆಲಸವೇ ಇಲ್ಲದ ದಿನಗಳಲ್ಲಿ, ನಾನು ಬ್ಯಾಗು ಹೊಲಿಯಲು ಕುಳಿತೆ.

ಚರ್ಮ ಎಲ್ಲಿಂದ ತರಲಿ? ಮದುವೆಯಲ್ಲಿ ಉಡಿ ತುಂಬುವಾಗ ಬಂದ ಖಣಗಳ ಕಟ್ಟೇ ಇತ್ತು. ಗುಳೇದಗುಡ್ಡದ ಖಣ, ಕುಪ್ಪಸದ ಬಟ್ಟೆ, ದಟ್ಟ ನೇರಳೆ, ಮಾವಿನ ಹಣ್ಣಿನ ಬಣ್ಣ, ಕರಿ. ಕರಿಯದನ್ನು ಹೊರಮೈಗೆ ತೆಗೆದಿಟ್ಟೆ. ಒಳಗೆ ಮೆತ್ತೆಗಾಗಿ ಭುವನ್‌ನ ಯೋಗದ ಚಾಪೆ ಕತ್ತರಿಸಿದೆ. ಒಮ್ಮೆಯೂ ಅದರ ಮೇಲೆ ಅವನು ಕುಳಿತದ್ದಿಲ್ಲ. ಆದರೂ "ಅಯ್ಯೋ, ನಂದು!" ಎಂದ. ತಳ ಗಟ್ಟಿಯಾಗಿರಲೆಂದು ಪಾರ್ಸಲ್ ಡಬ್ಬಿಯ ರಟ್ಟು. ಸರಪಳಿಗೆ ದೇವರ ಮುಂದಿನ ತೂಗುದೀಪದ ಹಿತ್ತಾಳೆ ಸರಪಳಿ ಬಿಚ್ಚಿಕೊಂಡೆ, ಕೊಂಡಿಗಳ ನಡುವೆ ಖಣದ ಅಂಚನ್ನು ಪೋಣಿಸಿದೆ. ಮುಚ್ಚಳಕ್ಕೆ, ಫ್ರಿಜ್ಜಿಗೆ ಅಂಟಿಕೊಂಡಿದ್ದ ಲಂಕಾವಿ ದ್ವೀಪದಿಂದ ತಂದ ಹದ್ದಿನ ಬೊಂಬೆಯ ಹಿಂದಿನ ಅಯಸ್ಕಾಂತ.

ಮಷೀನ್ ಇರಲಿಲ್ಲ. ಬೇಕೂ ಇರಲಿಲ್ಲ. ಕೌದಿಯ ಹೊಲಿಗೆ ಹೊರಗಿನ ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಾನು ಅದನ್ನು ಪ್ಯಾರಿಸಿನವರ ಹಾಗೆ ಓರೆಗೆ ತಿರುಗಿಸಿದೆ. ಅಕ್ಕಿಕಾಳಿಗಿಂತ ಉದ್ದ ಬಿಡಬಾರದು ಒಂದು ಹೊಲಿಗೆ, ಅದು ಆಯಿಯ ಅಳತೆ. ಎರಡು ಸಲ ಬಿಚ್ಚಿದೆ. ಮೂರನೆಯ ಸಲ ಶಂಕರಪೋಳಿಗಳು ಉಬ್ಬಿ ನಿಂತಾಗ ನನ್ನ ಬೆರಳಿನ ತುದಿ ತೂತು ತೂತಾಗಿತ್ತು. ನಾನು ಒಬ್ಬಳೇ ನಕ್ಕೆ.

ಏಪ್ರಿಲ್‌ನ ಒಂದು ಭಾನುವಾರ ಆಫೀಸಿನವರ ಹೆಂಡತಿಯರ ವಿಡಿಯೋ ಕಾಲ್ ಇತ್ತು. ಅಡುಗೆ, ಸ್ಯಾನಿಟೈಸರ್, ಯಾರ ಮಗ ಯಾವ ಕ್ಲಾಸು. ನಾನು ಮೂಲೆಯ ಚೌಕದಲ್ಲಿ ಕುಳಿತು ಸರಪಳಿ ಪೋಣಿಸುತ್ತಿದ್ದೆ.

"ಇಂಚರ, ಎಂಥದು ಅದು ಕೈಯಲ್ಲಿ? ತೋರ್ಸು, ತೋರ್ಸು" ಎಂದರು ಜೋಸ್ಲಿನ್ ಅಕ್ಕ.

ತೋರಿಸಿದೆ. ಪರದೆಯ ಮುಖಗಳೆಲ್ಲ ಮುಂದಕ್ಕೆ ಬಾಗಿದವು.

"ನೀನೇ ಮಾಡಿದ್ದಾ? ಕೈಯಲ್ಲಾ? ಸುಳ್ಳು ಹೇಳ್ಬೇಡ ಆಯ್ತಾ!"

"ಕೈಯಾಗರೀ ಅಕ್ಕ. ನಿಮ್ಮ ಬ್ಯಾಗ್ ನೋಡೇ ಮಾಡಿದ್ದು."

"ನಂದರ ಕಾಪಿಯಾ? ನೋಡಿ ಮಾರ್ರೆ, ಇವಳು ನಂಗಿಂತ ಚಂದದ್ದು ಮಾಡಿ ಕೂತಿದ್ದಾಳೆ!" ಎಂದು ಅವರು ಗಟ್ಟಿಯಾಗಿ ನಕ್ಕರು.

ಕಾಲ್ ಮುಗಿದ ಮೇಲೆ ನನಗೊಬ್ಬಳಿಗೇ ಫೋನ್ ಮಾಡಿದರು. ಬಾಂಗ್ಸಾರ್‌ನಲ್ಲಿ ಅವರ ಗೆಳತಿ ಮಿಸೆಸ್ ಯೋಂಗ್ ಅವರದು ಬ್ಯಾಗಿನ ಅಂಗಡಿ. ದೊಡ್ಡದಲ್ಲ, ಆದರೆ ಹೆಸರಿದೆ. ಕೈಕೆಲಸ ಬಲ್ಲ ಒಬ್ಬ ಡಿಸೈನರ್ ಬೇಕೆಂದು ಆರು ತಿಂಗಳಿಂದ ಹುಡುಕುತ್ತಿದ್ದಾರೆ. ಹೊರದೇಶದವರಾದರೂ ಆಗಬಹುದು, ಪಾಸು ಅವರೇ ಮಾಡಿಸುತ್ತಾರೆ. "ಇದನ್ನು ಕಳ್ಸು. ನಾನು ಹೇಳ್ತೇನೆ. ಅವರಿಗೆ ಇಷ್ಟ ಆದ್ರೆ ನಿಂಗೆ ಕೆಲಸ ಆಯ್ತು ಅಂತಲೇ ಲೆಕ್ಕ ಲಾ." ಮಾತಿನ ಕೊನೆಗೆ ಇಲ್ಲಿಯವರು ಸೇರಿಸುವ ಆ 'ಲಾ' ಅವರಿಗೂ ಅಂಟಿಕೊಂಡಿತ್ತು.

ಫೋನಿಟ್ಟು ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ. ನನ್ನದೇ ಹೆಸರಿನ ಚೀಟಿ. ಈ ಒಂದು ಬ್ಯಾಗಿನ ಮೇಲೆ ನಿಂತಿತ್ತು ಅದು.

ಇನ್ನು ಉಳಿದದ್ದು ಒಳಗಿನ ಅಸ್ತರಿಯ ನಾಲ್ಕನೆಯ ಮೂಲೆ. ಮೂರು ಮುಚ್ಚಿದ್ದೆ. ನಾಲ್ಕನೆಯದಕ್ಕೆ ಬಂದಾಗ ಕೈ ತಾನಾಗಿ ನಿಂತಿತು. ನಮ್ಮ ಓಣಿಯಲ್ಲಿ ಹುಟ್ಟಿದ ಯಾವ ಹೆಣ್ಣಿನ ಕೈಯೂ ಅಲ್ಲಿ ನಿಲ್ಲಲೇಬೇಕು.

ಆಯಿಯ ಕಥೆ ಹೀಗೆ. ಒಂದೂರಿನಲ್ಲಿ ಒಬ್ಬ ಅತ್ತೆ, ಒಬ್ಬ ಸೊಸೆ. ಅತ್ತೆ ಹಿಟ್ಟಿನ ಗಡಿಗೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡವಳು. ಚಳಿಗಾಲಕ್ಕೆ ಕೌದಿ ಹೊಲಿ ಎಂದಳು. ಸೊಸೆ ಅರೆಹೊಟ್ಟೆಯಲ್ಲಿ ಹೊಲಿದಳು. ಹೊಲಿಗೆ ಮುಗಿದ ದಿನ ಕೌದಿ ಬಾಯಿ ಬಿಟ್ಟು ಕೇಳಿತು, "ಯವ್ವಾ, ಹಸಿವು." ಸೊಸೆ ಅಂದಳು, "ನನಗ ಇಲ್ಲ, ನಿನಗೆಲ್ಲಿಂದ ತರ್ಲಿ?" ಹಸಿದ ಕೌದಿಯನ್ನು ಹೊದ್ದು ಅತ್ತೆ ಮಲಗಿದಳು. ಮೊದಲ ರಾತ್ರಿ ಕೌದಿ ಅವಳ ಕನಸು ತಿಂದಿತು. ಎರಡನೆಯ ರಾತ್ರಿ ನಿದ್ದೆ ತಿಂದಿತು. ಮೂರನೆಯ ರಾತ್ರಿ ನೆನಪು ತಿಂದಿತು. ಕೀಲಿ ಎಲ್ಲಿದೆ ಎನ್ನುವುದೇ ಅತ್ತೆಗೆ ಮರೆತುಹೋಯಿತು, ಸೆರಗಲ್ಲೇ ಇದ್ದರೂ. ಅವಳಿಗೂ ಅನ್ನವಿಲ್ಲ. ಆಗ ಗೊತ್ತಾಯಿತು ಹಸಿವೆಂದರೆ ಏನು ಎಂದು. ಸೊಸೆಯೇ ಸೆರಗಿನ ಗಂಟು ಬಿಚ್ಚಿ, ರೊಟ್ಟಿ ತಟ್ಟಿ, ಇಬ್ಬರೂ ಎದುರುಬದುರು ಕೂತು ಉಂಡು, ಕೊನೆಯ ತುತ್ತನ್ನು ಕೌದಿಯ ಮೂಲೆಗೆ ಇಟ್ಟು ಹೊಲಿದರು. "ಅದಕ್ಕ, ಹೊಲ್ಯಾಕಿ ಉಂಡು ಹೊಲೀಬೇಕು, ಹೊಲದದ್ದಕ್ಕೂ ಉಣಸ್ಬೇಕು. ಹಸಿದ ಕೈಲೆ ಹೊಲದದ್ದು ಯಾರಿಗೂ ಸುಖ ಕೊಡೂದಿಲ್ಲ ನೋಡವಾ" ಎಂದು ಆಯಿ ಮುಗಿಸುತ್ತಿದ್ದಳು. ಹೇಳಿಯೇ ನನ್ನ ಬಾಯಿಗೊಂದು ತುತ್ತು.

ಜೋಳದ ಹಿಟ್ಟು ಇರಲಿಲ್ಲ. ನಮ್ಮ ದೇಶದ ಸಾಮಾನು ಸಿಗುವ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಗೆ ಹೋಗುವಂತಿರಲಿಲ್ಲ. ಡಬ್ಬಿಯಲ್ಲಿದ್ದ ಒಂದು ಚಿಟಿಕೆ ಅಕ್ಕಿ, ಕಡಲೆಯಷ್ಟು ಬೆಲ್ಲ. ಬಟ್ಟೆಯ ಚೂರಿನಲ್ಲಿ ಸುತ್ತಿ, ದಾರ ಬಿಗಿದು ಮೂಲೆಗೆ ಸರಿಸಿ ಹೊಲಿದುಬಿಟ್ಟೆ. ಅದಕ್ಕೂ ಮೊದಲು ನಾನು ಉಂಡಿದ್ದೆ. ಮರುದಿನ ಡೆಲಿವರಿ ಬೈಕಿನವನು ಬ್ಯಾಗನ್ನು ಬಾಂಗ್ಸಾರ್‌ಗೆ ಒಯ್ದ.

ಅಂಗಡಿ ಬಾಗಿಲು ಹಾಕಿತ್ತು. ಕಾವಲಿನವನು ಡಬ್ಬಿ ತೆಗೆದುಕೊಂಡು ಒಳಗಿನ ಶೆಲ್ಫಿನಲ್ಲಿ ಇಟ್ಟನಂತೆ. ನಾನು ಕಾಯುತ್ತ ಕುಳಿತೆ. ಆ ದಿನಗಳಲ್ಲಿ ಭುವನ್ ಮಾತು ಕಡಿಮೆ ಮಾಡಿದ. ಆಫೀಸಿನಲ್ಲಿ ಹೆಸರುಗಳ ಪಟ್ಟಿ ಮಾಡುತ್ತಿದ್ದಾರೆ, ಹತ್ತರಲ್ಲಿ ಇಬ್ಬರ ಕೆಲಸ ಹೋಗಬೇಕು, ಪಟ್ಟಿ ಮಾಡುವವರು ಆಡ್ರಿಯನ್.

"ಬಾಸ್ ಮೂಡ್ ಹೇಗಿದೆ ಅಂತ ಅವರ ಮನೆಯವ್ರನ್ನೇ ಕೇಳ್ಬೇಕು ಕಣೆ, ನೀನಾದ್ರೂ ಜೋಸ್ಲಿನ್ ಹತ್ರ ಚೆನ್ನಾಗಿರು" ಎಂದ.

"ಚಲೋನ ಅದೀನಲ್ಲ?"

"ಇನ್ನೂ ಚೆನ್ನಾಗಿರು."

ಮೇ ಎರಡನೆಯ ವಾರ ಅಂಗಡಿಗಳು ತೆರೆದವು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಡಿಯೋ ಕಾಲ್ ಎಂದು ಜೋಸ್ಲಿನ್ ಅಕ್ಕ ಸಂದೇಶ ಕಳಿಸಿದರು. ನಾನು ಸೀರೆ ಉಟ್ಟು ಕುಳಿತೆ. ಭುವನ್ ತನ್ನ ಲ್ಯಾಪ್‌ಟಾಪ್ ಮುಚ್ಚಿ, ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದಲ್ಲಿ ಕುಳಿತ.

ಮಿಸೆಸ್ ಯೋಂಗ್ ಅರವತ್ತರ ಹೆಂಗಸು. ಕನ್ನಡಕ ಹಣೆಯ ಮೇಲೆ. ಇಂಗ್ಲಿಷಿನಲ್ಲಿ ಮಾತಾಡಿದರು, ನಿಧಾನವಾಗಿ, ನನಗೆ ತಿಳಿಯಲೆಂದು.

"ಮೊದಲೇ ಹೇಳಿಬಿಡುತ್ತೇನೆ, ಮೂವತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಇಂಥ ಕೈಹೊಲಿಗೆ ನೋಡಿಲ್ಲ. ಸುಂದರ! ಆದರೆ ಇದೇನು ಲಾ?"

ಒಂದು ಬಿಳಿ ಹಾಳೆಯನ್ನು ಕ್ಯಾಮೆರಾದ ಹತ್ತಿರ ಹಿಡಿದರು. ಅದರ ಮೇಲೆ ಬಿಚ್ಚಿದ ಬಟ್ಟೆಯ ಚೂರು, ಕಪ್ಪಾಗಿ ಕರಗಿ ಅಂಟಿಕೊಂಡ ಬೆಲ್ಲ, ತೂತು ಬಿದ್ದ ಅಕ್ಕಿ, ಓಡಾಡುವ ಕೆಂಪಿರುವೆಗಳು. ಶೆಲ್ಫಿನ ಮೇಲೆ ಗೋಡೆಯುದ್ದಕ್ಕೂ ಇರುವೆಯ ಸಾಲಂತೆ. ಪಕ್ಕದ ಬ್ಯಾಗುಗಳ ಒಳಗೂ ಹೊಕ್ಕಿವೆಯಂತೆ. ಎಲ್ಲಿಂದ ಎಂದು ಹುಡುಕುತ್ತ ಹೋದರೆ ನನ್ನ ಬ್ಯಾಗಿನ ಮೂಲೆ. ಬಿಚ್ಚಿ ನೋಡಿದರು.

ಗದಗದ ಒಣ ಗಾಳಿಯಲ್ಲಿ ಆ ತುತ್ತು ಹತ್ತು ವರ್ಷ ಹಾಗೇ ಇರುತ್ತದೆ. ಇಲ್ಲಿಯ ತೇವದ ಗಾಳಿಗೆ ಉಪ್ಪೇ ನಿಲ್ಲುವುದಿಲ್ಲ. ಅದು ನನಗೆ ಹೊಳೆಯಲೇ ಇಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಮೂರನೆಯ ಚೌಕದಿಂದ ಜೋಸ್ಲಿನ್ ಅಕ್ಕ ಇಂಗ್ಲಿಷಿನಲ್ಲಿ ಶುರುಮಾಡಿದರು.

"ದಯವಿಟ್ಟು ಕ್ಷಮಿಸಿ, ನನಗೆ ನಿಜವಾಗಿ ಗೊತ್ತಿರಲಿಲ್ಲ. ಇವಳದು ಒಳನಾಡು. ಆ ಕಡೆ ಇಂಥದ್ದೆಲ್ಲ ಇದೆ. ಅಕ್ಕಿ ಬೆಲ್ಲ ಗಂಟು ಕಟ್ಟಿ ಯಾರ ಮನೆಗಾದರೂ ಸೇರಿಸುವುದು. ಬ್ಲ್ಯಾಕ್ ಮ್ಯಾಜಿಕ್ ಅಂತ ನಾನು ಹೇಳುತ್ತಿಲ್ಲ, ಆದರೆ ಹಾಗೇ ಏನೋ." ಮತ್ತೆ ನನ್ನ ಕಡೆಗೆ ಕನ್ನಡದಲ್ಲಿ, ನಗು ಕದಲಿಸದೆ, "ಎಂಥ ಮಾಡಿ ಇಟ್ಟಿದ್ದೀಯೇ ಇದು? ಮಾಟವಾ? ನನ್ನ ಮರ್ಯಾದೆ ತೆಗ್ದಿ ಅಲ್ವಾ!"

ಮಿಸೆಸ್ ಯೋಂಗ್ ಅವರ ಮುಖದಲ್ಲಿ ಅಲ್ಲಿಯವರೆಗೆ ಇದ್ದದ್ದು ಇರುವೆಯ ಚಿಂತೆ ಮಾತ್ರ. ಆ ಮಾತು ಕೇಳಿದ ಮೇಲೆ ಅವರು ಹಾಳೆಯನ್ನು ಸ್ವಲ್ಪ ದೂರ ಸರಿಸಿದರು.

ನಾನು ಆಯಿಯ ಕಥೆಯನ್ನು ಹೇಳಬಹುದಿತ್ತು. ಒಂದೂರಿನಲ್ಲಿ ಒಬ್ಬ ಸೊಸೆ, ಅವಳು ಹಸಿದಿದ್ದಳು, ಎಂದು ಶುರುಮಾಡಬಹುದಿತ್ತು. ಜೋಸ್ಲಿನ್ ಅಕ್ಕ, ನಿಮಗೆ ಮಾಟಕ್ಕೂ ಮಡಿಲು ತುಂಬುವುದಕ್ಕೂ ವ್ಯತ್ಯಾಸ ಗೊತ್ತಿಲ್ಲವೇ, ನೀವೂ ಅಲ್ಲೇ ಹುಟ್ಟಿದವರಲ್ಲವೇ, ಎನ್ನಬಹುದಿತ್ತು. ಪಕ್ಕದಲ್ಲಿ ಭುವನ್ ಅಂಗೈ ಎತ್ತಿ ಕೆಳಗೆ ಅದುಮುತ್ತಿದ್ದ: ಸುಮ್ಮನಿರು, ಸುಮ್ಮನಿರು. ಅವನ ಕಣ್ಣಲ್ಲಿ ಆ ಪಟ್ಟಿ ಇತ್ತು. ನನ್ನ ಎದುರಿಗೆ ನನ್ನ ಪಾಸು ಇತ್ತು.

"ಗುಡ್ ಲಕ್, ಮೇಡಮ್" ಎಂದೆ. "ನಮ್ಮ ಹಳ್ಳಿಯಲ್ಲಿ ಅದೃಷ್ಟಕ್ಕೆ ಇಡುತ್ತಾರೆ. ನನ್ನ ಅಜ್ಜಿ ಹೇಳುತ್ತಿದ್ದಳು. ಅವಳು… ಓದಿದವಳಲ್ಲ."

ಮಿಸೆಸ್ ಯೋಂಗ್ ಹಣೆಯ ಮೇಲಿನ ಕನ್ನಡಕವನ್ನು ಕಣ್ಣಿಗಿಳಿಸಿ ಹಾಳೆಯನ್ನು ಮತ್ತೆ ನೋಡಿದರು. ಆಮೇಲೆ ಮುಖ ಅರಳಿತು. "ಅಯ್ಯ, ಎಷ್ಟು ಮುದ್ದಾಗಿದೆ! ಅದೃಷ್ಟದ ಅಕ್ಕಿ! ಇದನ್ನು ಗ್ರಾಹಕರು ಪ್ರೀತಿಸುತ್ತಾರೆ, ಜೋಸ್ಲಿನ್. ಇರುವೆ ಮಾತ್ರ ಬೇಡ, ಅಷ್ಟೇ." ಇಬ್ಬರೂ ನಕ್ಕರು. ನಾನೂ ನಕ್ಕೆ.

"ನನ್ನ ಕೆಲಸ, ಮೇಡಮ್…"

"ಹಾ, ಅದು. ಈಗ ಪಾಸು ಮಾಡಿಸುವುದು ಬಹಳ ಕಷ್ಟ, ಕಚೇರಿಗಳೇ ಅರ್ಧ ಮುಚ್ಚಿವೆ. ಆರು ತಿಂಗಳು ನೋಡೋಣ, ಆಗದೇ?"

"ನಾನಿದ್ದೇನಲ್ಲ" ಎಂದರು ಜೋಸ್ಲಿನ್ ಅಕ್ಕ. "ನನಗೆ ಇಲ್ಲಿ ಕಾಯಂ ವಾಸದ ಪಿ.ಆರ್. ಇದೆ, ಕಾಗದಪತ್ರದ ಗೋಳಿಲ್ಲ. ಡಿಸೈನಿನ ಕೆಲಸ ನಾನು ನೋಡಿಕೊಳ್ಳುತ್ತೇನೆ. ಇಂಚರ ಸಹಾಯ ಮಾಡುತ್ತಾಳೆ. ಹೇಗೂ ಮನೆಯಲ್ಲೇ ಇರುವುದಲ್ಲವೇ?"

ಕಾಲ್ ಕಡಿದ ಮೇಲೆ ಭುವನ್ ನನ್ನ ಬೆನ್ನು ತಟ್ಟಿದ. "ಸೂಪರ್ ಹ್ಯಾಂಡಲ್ ಮಾಡ್ದೆ. ನಾನು ಎಲ್ಲಿ ಜಗಳ ಆಡ್ತೀಯೋ ಅಂತ ಹೆದರಿಬಿಟ್ಟಿದ್ದೆ."

ಜೂನ್, ಜುಲೈ, ಆಗಸ್ಟ್ ನಾನು ಸಹಾಯ ಮಾಡಿದೆ. ಓರೆ ಗೆರೆಗಳ ಅಳತೆ ಕಾಗದದ ಮೇಲೆ ಬಿಡಿಸಿ ಕಳಿಸಿದೆ. ಯಾವ ಖಣಕ್ಕೆ ಯಾವ ಅಸ್ತರಿ ಎಂದು ಜೋಡಿಸಿಕೊಟ್ಟೆ. ಸೂಜಿ ಹಿಡಿಯುವ ಬಗೆ, ಗಂಟು ಒಳಗೆ ಅಡಗಿಸುವ ಬಗೆ ವಿಡಿಯೋದಲ್ಲಿ ತೋರಿಸಿದೆ. ನನ್ನ ಬ್ಯಾಗು ವಾಪಸು ಬರಲೇ ಇಲ್ಲ. ಅಳತೆ ತೆಗೆಯಲು ಅದನ್ನು ಪೂರ್ತಿ ಬಿಚ್ಚಿಹಾಕಿದ್ದರು. "ಸ್ಯಾಂಪಲ್ ಅಂದ್ರೆ ಹಾಗೇ ಅಲ್ವಾ" ಎಂದರು ಜೋಸ್ಲಿನ್ ಅಕ್ಕ. ಹೊಲಿದದ್ದು ಯಾವುದೋ ಕಾರ್ಖಾನೆಯ ಮಷೀನು. ಭುವನ್‌ನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಅವನು ಒಂದು ಕೆ.ಜಿ. ಮೈಸೂರ್ ಪಾಕ್ ತಂದ. ನಾವಿಬ್ಬರೇ ತಿಂದೆವು.

ದೀಪಾವಳಿಗೆ ಮತ್ತೆ ಊರೆಲ್ಲ ಬಂದ್ ಆಗಿತ್ತು. ಹಾಗಾಗಿ ಅಂಗಡಿಯ ಹೊಸ ಬ್ಯಾಗುಗಳ ಬಿಡುಗಡೆ ಫೋನಿನಲ್ಲೇ, ಲೈವ್. ಜೋಸ್ಲಿನ್ ಅಕ್ಕ ಹಳದಿ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕುಳಿತಿದ್ದರು. ಅವರು ಮಲ್ಲಿಗೆ ಮುಡಿದದ್ದನ್ನು ನಾನು ಅವತ್ತೇ ನೋಡಿದ್ದು. ಹಿಂದೆ ಸಾಲಾಗಿ ಬ್ಯಾಗುಗಳು: ಕರಿ, ನೇರಳೆ, ಮಾವಿನ ಬಣ್ಣ. ನಾನು ಜೋಡಿಸಿದ ಕ್ರಮದಲ್ಲೇ.

"ನಮ್ಮ ಕಡೆ ಒಂದು ಕಥೆ ಇದೆ" ಎಂದು ಅವರು ಇಂಗ್ಲಿಷಿನಲ್ಲಿ ಹೇಳತೊಡಗಿದರು. "ನನ್ನ ಅಜ್ಜಿ ಹೇಳುತ್ತಿದ್ದದ್ದು. ಒಬ್ಬ ರಾಣಿ ಇದ್ದಳು. ರಾಜನಿಗಾಗಿ ಒಂದು ಹೊದಿಕೆ ಹೊಲಿದಳು. ಅರಮನೆಯಲ್ಲಿ ಸದಾ ಸಮೃದ್ಧಿ ಇರಲಿ ಎಂದು ಮೂಲೆಯಲ್ಲಿ ಅಕ್ಕಿ ಇಟ್ಟಳು…"

ಬ್ಯಾಗಿನ ಒಳಗಿನ ಮೂಲೆ ತೋರಿಸಿದರು. ಪಾರದರ್ಶಕ ಕಿಸೆಯೊಂದರಲ್ಲಿ ಮೂರು ಅಕ್ಕಿಕಾಳು. ಬಂಗಾರದ ಬಣ್ಣ ಬಳಿದ ಪ್ಲಾಸ್ಟಿಕ್ಕಿನವು. ಇರುವೆ ಹತ್ತುವುದಿಲ್ಲ.

ಸಿಟ್ಟು ಬರಲಿ ಎಂದು ಕಾದೆ. ಬಂದದ್ದು ಬೇರೆ. ಹಸಿದ ಸೊಸೆ ಎಲ್ಲಿ ಹೋದಳು, ಬೀಗ ಹಾಕಿದ ಗಡಿಗೆ ಎಲ್ಲಿ ಹೋಯಿತು, ಎಂದು ಹುಡುಕುತ್ತ ಹೋದರೆ ಅವರನ್ನು ಹೊರಗೆ ಹಾಕಿದವರು ಜೋಸ್ಲಿನ್ ಅಕ್ಕ ಅಲ್ಲ. ಮೇ ತಿಂಗಳ ಗುರುವಾರ, ಸೀರೆ ಉಟ್ಟುಕೊಂಡು, 'ಗುಡ್ ಲಕ್, ಮೇಡಮ್' ಎಂದವಳು ನಾನು. ಅವರು ರಾಣಿಯನ್ನು ತಂದು ಕೂರಿಸುವುದಕ್ಕೆ ಮೊದಲೇ ಸೊಸೆಯನ್ನು ಎಬ್ಬಿಸಿ ಕಳಿಸಿದವಳು ನಾನು. ಓದಿದವಳಲ್ಲ ಎಂದು ಆಯಿಯನ್ನೂ ಅವಳ ಹಿಂದೆಯೇ ಕಳಿಸಿದ್ದೆ.

ನನ್ನ ಕೈಯ ಫೋನಿನ ಪರದೆಯ ಮೇಲೆ ಕೆಂಪು ಹೃದಯಗಳು ಗುಳ್ಳೆಗಳಂತೆ ಏಳುತ್ತಿದ್ದವು. ಪಕ್ಕದಲ್ಲಿ ಭುವನ್ ತನ್ನ ಫೋನಿನಿಂದ ಹೃದಯ ಒತ್ತುತ್ತಿದ್ದ, ಒಂದರ ಮೇಲೊಂದು.

"ನೀನೂ ಒಂದು ಒತ್ತು" ಎಂದ. "ಯಾರ್ಯಾರು ನೋಡಿದ್ರು ಅಂತ ಗೊತ್ತಾಗತ್ತೆ ಅವರಿಗೆ."

ಒತ್ತಿದೆ.

ಡಿಸೆಂಬರ್ ಮೂರನೆಯ ವಾರ ಜೋಸ್ಲಿನ್ ಅಕ್ಕ ನಮ್ಮ ಕಟ್ಟಡಕ್ಕೇ ಬಂದರು. ಕ್ರಿಸ್‌ಮಸ್‌ನ ಕುಸ್ವಾರ್ ತಿಂಡಿಯ ಡಬ್ಬಿ, ಜೊತೆಗೆ ಒಂದು ದೊಡ್ಡ ಚೀಲ. ಮೇಲೆ ಬರಲಿಲ್ಲ. ಕೆಳಗೆ ಲಿಫ್ಟಿನ ಮುಂದಿನ ಸೋಫಾದಲ್ಲಿ, ಮಾಸ್ಕ್ ಹಾಕಿಕೊಂಡು ಕುಳಿತರು. ಚೀಲದಿಂದ ನೇರಳೆ ಬಣ್ಣದ ಬ್ಯಾಗು ತೆಗೆದು ನನ್ನ ಮಡಿಲಲ್ಲಿಟ್ಟರು.

"ನಿಂಗೆ. ಗಿಫ್ಟು. ಮೊದಲ ಇನ್ನೂರು ಎರಡೇ ವಾರದಲ್ಲಿ ಖಾಲಿ ಲಾ! ಗೊತ್ತುಂಟಾ?"

ಬೆರಳಾಡಿಸಿದೆ. ಹೊಲಿಗೆ ಅಚ್ಚುಕಟ್ಟಾಗಿತ್ತು. ಒಂದೂ ಸೊಟ್ಟಗಿರಲಿಲ್ಲ.

"ಚಲೋ ಐತ್ರಿ. ಅಕ್ಕ, ಆ ಪಾಸಿಂದು… ಮಿಸೆಸ್ ಯೋಂಗ್ ಆರು ತಿಂಗಳು ಅಂದಿದ್ರು. ಏಳಾತು."

"ಅದು ನಾನು ಬಿಟ್ಟಿಲ್ಲ ಮಾರಾಯ್ತಿ, ಪ್ರತಿ ಸಲ ಹೇಳ್ತೇನೆ. ಈಗ ಟೈಮ್ ಸರಿ ಇಲ್ಲ. ನಾನೇ ಈಗ ಅಲ್ಲಿ ಪಾರ್ಟ್ನರ್ ಅಂತ ಆಯ್ತಲ್ಲ, ಇನ್ನು ಸುಲಭ. ಅದಿರ್ಲಿ, ಒಂದು ಕೆಲಸ ಉಂಟು ನಿಂಗೆ." ಹತ್ತಿರ ಸರಿದರು. "ಬ್ಯಾಗಿನ ಒಳಗೆ ಕಥೆ ಬರೆದ ಕಾರ್ಡ್ ಇಡ್ತೇವಲ್ಲ, ಜನ ಬ್ಯಾಗಿಗಿಂತ ಅದನ್ನೇ ಓದ್ತಾರೆ. ಕಥೆ ಕೇಳ್ತಾರೆ. ಹೊಸ ವರ್ಷಕ್ಕೆ ಆರು ಡಿಸೈನ್, ಆರು ಕಥೆ ಬೇಕು. ಚಿಕ್ಕಚಿಕ್ಕದ್ದು ಸಾಕು, ನಾಲ್ಕು ಲೈನು. ನಿನ್ನ ಅಜ್ಜಿಯ ಹತ್ರ ರಾಶಿ ಇತ್ತಂತಲ್ವಾ, ಭುವನ್ ಹೇಳ್ತಿದ್ದ? ನಂಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಹಾಕು, ಮತ್ತೆ ನಾನು ಚಂದ ಮಾಡ್ತೇನೆ."

ಆರು. ಆಯಿಯ ಹತ್ತಿರ ಆರು ನೂರಿದ್ದವು. ಉಪ್ಪು ಕೇಳಲು ಬಂದ ರಾಜಕುಮಾರಿ. ಗಂಡನ ನೆರಳನ್ನು ಗಡಿಗೆಯಲ್ಲಿ ಮುಚ್ಚಿಟ್ಟವಳು. ಬಾವಿಯನ್ನು ಮಗಳೆಂದು ಸಾಕಿದ ಮುದುಕಿ. ಎಲ್ಲ ನನ್ನ ನಾಲಿಗೆಯ ಹಿಂದೆಯೇ ಬಂದು ನಿಂತವು, ಕರೆದವರಂತೆ.

"ಇಲ್ಲರೀ ಅಕ್ಕ" ಎಂದೆ. "ಆಯಿಗೆ ಅದೊಂದ ಬರ್ತಿತ್ತು."

"ಒಂದೇನಾ?"

"ಒಂದ. ಅದನ್ನ ತಿರುಗಿ ಮುರುಗಿ ಹೇಳ್ತಿದ್ಲು."

ಮಾಸ್ಕಿನ ಮೇಲಿನ ಕಣ್ಣುಗಳು ನನ್ನನ್ನು ಸ್ವಲ್ಪ ಹೊತ್ತು ನೋಡಿದವು. ಅವರಿಗೆ ಗೊತ್ತಾಯಿತು. ಅವರಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು.

"ಓಕೆ ಲಾ, ಪರವಾಗಿಲ್ಲ" ಎಂದು ಎದ್ದರು. "ಇಂಟರ್‌ನೆಟ್‌ನಲ್ಲಿ ಬೇಕಾದಷ್ಟು ಉಂಟು. ಭುವನ್‌ಗೆ ಹೇಳು, ಪಾಪ, ಜನವರಿಯಲ್ಲಿ ಅವನ ರಿನ್ಯೂವಲ್ ಅಲ್ವಾ? ಆಡ್ರಿಯನ್ ಹೇಳ್ತಿದ್ರು."

ಜನವರಿಯಲ್ಲಿ ಭುವನ್‌ಗೆ ಕೆಲಸದ ಕರಾರು ಮುಂದುವರಿಸಿದ ಪತ್ರ ಬಂತು. ಎರಡು ವರ್ಷ ಸಿಗುತ್ತದೆಂದು ಅವನು ಅಂದುಕೊಂಡಿದ್ದ. ಸಿಕ್ಕದ್ದು ಆರು ತಿಂಗಳು. ಆ ವರ್ಷ ಎಲ್ಲರಿಗೂ ಅಷ್ಟೇ ಕೊಟ್ಟಿ​ದ್ದರೋ ಏನೋ, ನನಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಆದರೆ ಅವನು ಕೇಳಿದ್ದು ಆಡ್ರಿಯನ್ ಅವರನ್ನಲ್ಲ, ನನ್ನನ್ನು.

"ಆರು ಕಥೆ ಕೇಳಿದ್ರಂತೆ. ಇಲ್ಲ ಅಂದ್ಯಂತೆ."

"ಹೌದು."

"ಸುಳ್ಳು ಯಾಕೆ ಹೇಳ್ದೆ? ದಿನಾ ಒಂದೊಂದು ಹೇಳಿ ತಲೆ ತಿಂತಿದ್ದೆ ನನ್ನ. ಅಡುಗೆಮನೇಲಿ ಕೂತು ಆರು ಕಥೆ ಫೋನಿಗೆ ಹೇಳಿದ್ರೆ ನಿಂದೇನು ಗಂಟು ಹೋಗ್ತಿತ್ತು?"

"ಒಂದು ಹೋಗೇತಿ. ಉಳದದ್ದು ನನ್ನ ಹತ್ರ ಇರ್ಲಿ ಅಂತ."

ಭುವನ್ ಕೆಟ್ಟವನಲ್ಲ. ಅವನು ಸಿಟ್ಟಿನಿಂದಲೂ ಕೇಳಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ: "ಇಟ್ಕೊಂಡು ಏನ್ ಮಾಡ್ತೀಯ, ಇಂಚರ? ಇಲ್ಲಿ ಯಾರಿಗೆ ಹೇಳ್ತೀಯ?"

ಕೇಳಿ, ಗಡಿಯಾರ ನೋಡಿ, ಅವನು ಹೆಡ್‌ಫೋನ್ ಹಾಕಿಕೊಂಡು ಊಟದ ಮೇಜಿಗೆ ಹೋಗಿ ಕುಳಿತ. ಬೆನ್ನು ನೆಟ್ಟಗೆ ಮಾಡಿಕೊಂಡ. ಪರದೆಯಲ್ಲಿ ಆಡ್ರಿಯನ್ ಅವರ ಮುಖ ಕಂಡ ಕೂಡಲೇ, "ಗುಡ್ ಮಾರ್ನಿಂಗ್ ಸರ್" ಎಂದು ನಕ್ಕ.